ನನ್ನ ತಲೆ ನನ್ನದು. ಮಗುವಿನ ತಲೆ ಯಾರದು?

ನಮ್ಮ ನಾಡಿನ ಯಾವುದೇ ತಾಲ್ಲೂಕು ಕೇಂದ್ರದ ಮುಖ್ಯರಸ್ತೆಯಲ್ಲಿ ಸಂಜೆಯ ಹೊತ್ತು ಸಂಚರಿಸುವ ದ್ವಿಚಕ್ರ ವಾಹನಗಳನ್ನು ಗಮನಿಸಿದವರಿಗೆ ಒಂದು ಸಂಗತಿ ತಟ್ಟನೆ ಗೋಚರಿಸುತ್ತದೆ. ವಾಹನ ನಡೆಸುವ ಮನೆಯ ಯಜಮಾನನ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ. ಹಿಂದೆ ಒಂದು ಬದಿಗೆ ಕಾಲು ಇಳಿಬಿಟ್ಟು ಕುಳಿತ ಗೃಹಿಣಿಯ ತಲೆಯ ಮೇಲೆ ಸೆರಗು ಮಾತ್ರ. ಅವಳ ಮಡಿಲಿನ ಕೂಸಿಗೆ ಉಣ್ಣೆಯ ಕುಲಾವಿ. ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತ ನಾಲ್ಕೈದು ವರ್ಷದ ಮಗುವಿನ ತಲೆಗೆ ಏನೂ ಇಲ್ಲ. ದಂಡ ತೆರಬೇಕಾದವನಿಗೆ ರಕ್ಷಣೆಯುಂಟು; ದಂಡವೆಂದರೇನೆಂದೇ ಅರಿಯದವರಿಗೆ ಇಲ್ಲ.

ಈ ದೃಶ್ಯ ಎಷ್ಟು ಸಾಮಾನ್ಯವಾಗಿದೆಯೆಂದರೆ ಅದರಲ್ಲಿ ತಪ್ಪೇನಿದೆ ಎಂದು ಕೇಳುವವರೇ ಹೆಚ್ಚು. ಕಾನೂನಿನ ಬಲವಂತವನ್ನು ವಿರೋಧಿಸುವವರು, "ನನ್ನ ತಲೆ ನನ್ನದು, ಅದನ್ನು ಹೇಗೆ ಕಾಯ್ದುಕೊಳ್ಳಬೇಕೆಂದು ಸರ್ಕಾರ ನನಗೆ ಹೇಳಬೇಕಾಗಿಲ್ಲ" ಎನ್ನುತ್ತಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ವ್ಯಕ್ತಿಸ್ವಾತಂತ್ರ್ಯವು ದೊಡ್ಡ ಮೌಲ್ಯ. ಆದರೆ ಆ ಮಾತು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆಗೆ ಸಲ್ಲುವುದಿಲ್ಲ ಎಂಬುದನ್ನು ಗೃಹಸ್ಥರಾದ ನಾವು ಶಾಂತಚಿತ್ತದಿಂದ ವಿಚಾರ ಮಾಡಬೇಕಾಗಿದೆ.

ಸ್ವಾತಂತ್ರ್ಯದ ಪಕ್ಷದ ವಾದ

ಈ ವಾದಕ್ಕೆ ಗಟ್ಟಿಯಾದ ತಾತ್ತ್ವಿಕ ನೆಲೆಯಿದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟಿಸಿದ 'ಆನ್ ಲಿಬರ್ಟಿ' ಎಂಬ ಗ್ರಂಥದಲ್ಲಿ, ಒಬ್ಬನ ನಡತೆಯಿಂದ ಪರರಿಗೆ ಹಾನಿಯಾಗುವಾಗ ಮಾತ್ರ ಸಮಾಜವು ಅವನನ್ನು ಬಲದಿಂದ ತಡೆಯಬಹುದೆಂದೂ, ಅವನ ಸ್ವಂತ ಹಿತಕ್ಕಾಗಿ ಎಂಬ ಕಾರಣವೊಂದೇ ಬಲವಂತಕ್ಕೆ ಸಾಲದೆಂದೂ ಪ್ರತಿಪಾದಿಸಿದನು. ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಕಾನೂನುಗಳನ್ನು ವಿರೋಧಿಸುವವರ ವಾದದ ಮೂಲ ಇಲ್ಲಿಯೇ ಇದೆ. ಆದರೆ ಅದೇ ಗ್ರಂಥದಲ್ಲಿ ಮಿಲ್ ಮತ್ತೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿದ್ದಾನೆ: ಈ ತತ್ತ್ವವು ಬುದ್ಧಿ ಬಲಿತ ವಯಸ್ಕರಿಗೆ ಮಾತ್ರ ಅನ್ವಯ, ಇತರರ ಪಾಲನೆಯಲ್ಲಿರುವ ಮಕ್ಕಳಿಗೆ ಅನ್ವಯವಲ್ಲ. ಸ್ವಾತಂತ್ರ್ಯವನ್ನು ಅಷ್ಟು ಎತ್ತರಕ್ಕೆ ಏರಿಸಿದವನೇ ಮಗುವನ್ನು ಅಪಾಯದಿಂದ ಕಾಪಾಡುವ ಹೊಣೆಯನ್ನು ಹಿರಿಯರ ಮೇಲೆ ಹೊರಿಸಿದ್ದಾನೆ ಎಂಬುದು ಗಮನಾರ್ಹ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಇದಕ್ಕೆ ಸಾಕ್ಷಿಯಂತಿದೆ. ಆ ದೇಶದಲ್ಲಿ ವಯಸ್ಕರಿಗೆ ಸೀಟ್ ಬೆಲ್ಟ್ ಕಡ್ಡಾಯ ಮಾಡದಿರುವ ರಾಜ್ಯ ಅದೊಂದೇ. ಸ್ವಾತಂತ್ರ್ಯವಿಲ್ಲದ ಬಾಳಿಗಿಂತ ಸಾವೇ ಲೇಸೆಂಬ ಅರ್ಥದ ಘೋಷವಾಕ್ಯವನ್ನು ಇಟ್ಟುಕೊಂಡ ರಾಜ್ಯವದು. ಅಲ್ಲಿಯೂ 18 ವರ್ಷದೊಳಗಿನವರಿಗೆ ಬೆಲ್ಟ್ ಕಡ್ಡಾಯ. ಸ್ವಾತಂತ್ರ್ಯದ ಅಭಿಮಾನಿಗಳಾದ ಆ ಜನರು ಕೂಡ ಮಗುವಿನ ಪ್ರಾಣವನ್ನು ತಂದೆಯ ಅಭಿಪ್ರಾಯಕ್ಕೆ ಬಿಟ್ಟುಕೊಟ್ಟಿಲ್ಲ.

ಹಾಗಾದರೆ ಮಕ್ಕಳಿಗೆ ಮಾತ್ರ ಕಾನೂನು ಮಾಡಿ ದೊಡ್ಡವರನ್ನು ಅವರ ಪಾಡಿಗೆ ಬಿಟ್ಟರೆ ಸಾಲದೆ ಎಂಬ ಪ್ರಶ್ನೆ ಸಹಜ. ಇದಕ್ಕೂ ಅನುಭವವೇ ಉತ್ತರ ಹೇಳಿದೆ. ಅಮೆರಿಕದ ಫ್ಲಾರಿಡಾ ರಾಜ್ಯವು 2000ನೇ ಇಸವಿಯಲ್ಲಿ ತನ್ನ ಹೆಲ್ಮೆಟ್ ಕಾನೂನನ್ನು ಸಡಿಲಿಸಿ, 21 ವರ್ಷ ತುಂಬಿದ, 10,000 ಡಾಲರ್ ವೈದ್ಯಕೀಯ ವಿಮೆಯುಳ್ಳ ಸವಾರರಿಗೆ ವಿನಾಯಿತಿ ಕೊಟ್ಟಿತು. 21ರ ಒಳಗಿನವರಿಗೆ ಕಾನೂನು ಮೊದಲಿನಂತೆಯೇ ಉಳಿಯಿತು. ಆದರೂ ಮುಂದಿನ ವರ್ಷಗಳಲ್ಲಿ ಹೆಲ್ಮೆಟ್ ಇಲ್ಲದೆ ಮಡಿದ ಎಳೆಯರ ಸಂಖ್ಯೆಯೂ ಏರಿತು. ಹಿರಿಯರ ತಲೆಯಿಂದ ಹೆಲ್ಮೆಟ್ ಇಳಿದೊಡನೆ ಕಿರಿಯರ ತಲೆಯಿಂದಲೂ ಅದು ಇಳಿಯಿತು. ಮಕ್ಕಳು ಕಾನೂನಿನ ಪುಸ್ತಕ ಓದಿ ನಡೆಯುವುದಿಲ್ಲ. ಮನೆಯ ಹಿರಿಯರನ್ನು ನೋಡಿ ನಡೆಯುತ್ತಾರೆ.

ಒಬ್ಬ ಯೋಧನ ಸಾವು ಕಲಿಸಿದ ಪಾಠ

ಹೆಲ್ಮೆಟ್ ಎಂಬುದು ದಂಡ ವಸೂಲಿಗಾಗಿ ಹುಟ್ಟಿದ ಸಾಧನವಲ್ಲ. ಅದರ ಹಿಂದೆ ಒಬ್ಬ ವೈದ್ಯನ ಕರುಣೆಯ ಕಥೆಯಿದೆ. ಮೊದಲನೆಯ ಮಹಾಯುದ್ಧದಲ್ಲಿ ಅರಬ್ ನಾಡಿನಲ್ಲಿ ಹೆಸರು ಗಳಿಸಿದ್ದ ಬ್ರಿಟನ್ನಿನ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ತನ್ನ ಮೋಟಾರ್ ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ಆರು ದಿನಗಳ ಅನಂತರ ಪ್ರಜ್ಞೆ ಮರಳದೆ ಮರಣ ಹೊಂದಿದನು. ಅವನ ಶುಶ್ರೂಷೆಗೆ ಬಂದಿದ್ದ ಮಿದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಅವರ ಮನಸ್ಸನ್ನು ಈ ಸಾವು ಕಲಕಿತು. ಸೈನ್ಯದಲ್ಲಿ ಮೋಟಾರ್ ಸೈಕಲ್ ಮೇಲೆ ಸಂದೇಶ ಒಯ್ಯುವವರಿಗೆ ಆಗುವ ತಲೆಯ ಗಾಯಗಳನ್ನು ಅವರು ಅಧ್ಯಯನ ಮಾಡಿ, ಹೆಲ್ಮೆಟ್ ಧರಿಸಿದವರಲ್ಲಿ ಗಾಯದ ತೀವ್ರತೆ ಕಡಿಮೆಯೆಂಬುದನ್ನು 1941ರಲ್ಲಿ ಪ್ರಕಟಿಸಿದರು. ಬ್ರಿಟಿಷ್ ಸೈನ್ಯ ಅದನ್ನು ಕಡ್ಡಾಯಗೊಳಿಸಿತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು 1961ರಲ್ಲಿ ಸಾಮಾನ್ಯ ಸವಾರರಿಗೆ ಹೆಲ್ಮೆಟ್ಟನ್ನೂ, 1970ರಲ್ಲಿ ಕಾರಿನಲ್ಲಿ ಕುಳಿತವರಿಗೆ ಸೀಟ್ ಬೆಲ್ಟನ್ನೂ ಕಡ್ಡಾಯ ಮಾಡಿ ಜಗತ್ತಿಗೆ ದಾರಿ ತೋರಿತು.

ಇಂದು ಎದೆಗೂ ಸೊಂಟಕ್ಕೂ ಸೇರಿಸಿ ಕಟ್ಟುವ ಮೂರು ಬಿಂದುಗಳ ಸೀಟ್ ಬೆಲ್ಟನ್ನು 1959ರಲ್ಲಿ ರೂಪಿಸಿದವರು ಸ್ವೀಡನ್ನಿನ ವೋಲ್ವೊ ಸಂಸ್ಥೆಯ ಇಂಜಿನಿಯರ್ ನಿಲ್ಸ್ ಬೋಲಿನ್. ಆ ಸಂಸ್ಥೆ ತನ್ನ ಹಕ್ಕುಪತ್ರವನ್ನು ಲಾಭಕ್ಕಾಗಿ ಬಚ್ಚಿಡದೆ ಉಳಿದ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ತಮ್ಮ ಕಾಯಕದ ಫಲವನ್ನು ಲೋಕಕ್ಕೆ ಹಂಚುವುದು ದಾಸೋಹವಾದರೆ, ಇದೂ ಒಂದು ಬಗೆಯ ದಾಸೋಹವೆಂದು ನಾವು ಗೌರವಿಸಬಹುದು.

ನಮ್ಮ ಕಾನೂನು ಹೇಳುವುದೇನು?

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ಟಿಗೆ ಸಂಬಂಧಿಸಿದ್ದು. ಅದೇ 1988ರಲ್ಲಿ, ಸವಾರರು ಹೆಲ್ಮೆಟ್ ಧರಿಸಲೇಬೇಕೆಂಬ ಆಂಧ್ರಪ್ರದೇಶದ ನಿಯಮವೊಂದನ್ನು ಪ್ರಶ್ನಿಸಿದ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಈ ನಿಯಮವು ಸಂಚಾರ ಸ್ವಾತಂತ್ರ್ಯವನ್ನು ಕುಗ್ಗಿಸುವುದಿಲ್ಲ, ಸುರಕ್ಷಿತವಾಗಿ ಸಂಚರಿಸಲು ನೆರವಾಗುತ್ತದೆ ಎಂಬ ಅಭಿಪ್ರಾಯದೊಂದಿಗೆ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. 2019ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯ್ದೆಯ ಪ್ರಕಾರ, ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ, ವಾಹನ ನಡೆಸುವವರಾಗಲಿ ಹಿಂದೆ ಕುಳಿತವರಾಗಲಿ, ಹೆಲ್ಮೆಟ್ ಧರಿಸಬೇಕು. ರುಮಾಲು ಧರಿಸಿದ ಸಿಖ್ಖರಿಗೆ ಅವರ ಧರ್ಮದ ಕಾರಣ ವಿನಾಯಿತಿಯುಂಟು.

ಇನ್ನೂ ಎಳೆಯ ಮಕ್ಕಳ ವಿಷಯದಲ್ಲಿ 2022ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮ ಒಂದು ವರ್ಷದ ಅನಂತರ ಜಾರಿಗೆ ಬಂತು. ಅದರಂತೆ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ತಲೆಯ ಅಳತೆಗೆ ಹೊಂದುವ ಹೆಲ್ಮೆಟ್ ಇರಬೇಕು. ಮಗುವನ್ನು ಸವಾರನ ಮೈಗೆ ಸೇರಿಸಿ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು. ವಾಹನದ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಕಾರಿನಲ್ಲಿ 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನವಿಲ್ಲದೆ ಕರೆದೊಯ್ಯುವುದೂ ಕಾಯ್ದೆಯ ಪ್ರಕಾರ ದಂಡನೀಯ.

ಕಾನೂನಿದ್ದೂ ಫಲವೇನೆಂಬುದನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ತಿಳಿಸುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಇವರಲ್ಲಿ ಕರ್ನಾಟಕದವರೇ 11,702. ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂಬದಿಯಲ್ಲಿ ಕುಳಿತವರು. ಹೆಲ್ಮೆಟ್ ಇದ್ದಿದ್ದರೆ ಇವರೆಲ್ಲರೂ ಉಳಿಯುತ್ತಿದ್ದರೆಂದು ಹೇಳಲಾಗದು. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಪರಾಮರ್ಶೆಯೊಂದರ ಪ್ರಕಾರ, ಹೆಲ್ಮೆಟ್ ಧಾರಣೆಯಿಂದ ಸಾವಿನ ಸಂಭವ ಶೇಕಡ 42ರಷ್ಟೂ, ತಲೆಗೆ ಗಾಯವಾಗುವ ಸಂಭವ ಶೇಕಡ 69ರಷ್ಟೂ ತಗ್ಗುತ್ತದೆ. ಹಿಂದೆ ಕುಳಿತ ಆ 14,337 ಮಂದಿ ಯಾರ ಮನೆಯವರು? ಯಾರದೋ ಮಡದಿ, ಯಾರದೋ ತಾಯಿ, ಯಾರದೋ ಮಗ, ಯಾರದೋ ಮಗಳು.

ಮಡಿಲು ಕೋಟೆಯಲ್ಲ

ಸ್ವಂತ ಕಾರುಳ್ಳ ಕುಟುಂಬಗಳು ತಾವು ಸುರಕ್ಷಿತರೆಂದು ಭಾವಿಸುವುದುಂಟು. ಮುಂದಿನ ಆಸನದಲ್ಲಿ ಕುಳಿತ ತಾಯಿ ಕೂಸನ್ನು ಮಡಿಲಲ್ಲಿ ಅವಚಿಕೊಂಡಿದ್ದರೆ ಅದಕ್ಕಿಂತ ದೊಡ್ಡ ರಕ್ಷಣೆ ಯಾವುದು ಎನ್ನುವವರೂ ಇದ್ದಾರೆ. ಮಾತೃವಾತ್ಸಲ್ಯಕ್ಕೆ ಎಣೆಯಿಲ್ಲ, ನಿಜ. ಆದರೆ ಅಪಘಾತದ ಕ್ಷಣದಲ್ಲಿ ಕೆಲಸ ಮಾಡುವುದು ವಾತ್ಸಲ್ಯವಲ್ಲ, ವೇಗ.

ಒಂದು ಸರಳ ಲೆಕ್ಕ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಮರಕ್ಕೋ ಗೋಡೆಗೋ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಆಗ ಮಡಿಲಿನ 10 ಕಿಲೋ ತೂಕದ ಮಗುವನ್ನು ಹಿಡಿದುಕೊಳ್ಳಲು ತಾಯಿಯ ತೋಳುಗಳು ಸುಮಾರು 140 ಕಿಲೋ ಭಾರವನ್ನು ತಡೆಯಬೇಕಾಗುತ್ತದೆ. ಜೋಳದ ತುಂಬಿದ ಚೀಲಕ್ಕಿಂತ ಹೆಚ್ಚಿನ ಆ ಭಾರವನ್ನು ಯಾವ ತಾಯಿಯೂ, ಯಾವ ಜಟ್ಟಿಯೂ ಹಿಡಿಯಲಾರನು. ಆ ವೇಗದ ಡಿಕ್ಕಿ ಮೂರು ಅಂತಸ್ತಿನ ಮಹಡಿಯಿಂದ ನೆಲಕ್ಕೆ ಬಿದ್ದುದಕ್ಕೆ ಸಮ. ಮಹಡಿಯ ಅಂಚಿನಲ್ಲಿ ಮಗುವನ್ನು ಕೂರಿಸಲು ಒಪ್ಪದ ನಾವು ಕಾರಿನ ಮುಂದಿನ ಆಸನದಲ್ಲಿ ಹೇಗೆ ಒಪ್ಪುತ್ತೇವೆ?

ಹಿಂದಿನ ಆಸನದಲ್ಲಿ ಬೆಲ್ಟ್ ಬೇಡವೆಂಬ ನಂಬಿಕೆಯೂ ಅಷ್ಟೇ ಅಪಾಯಕರ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅವರು ನಿಧನರಾದರು. ಹಿಂದಿನ ಆಸನದಲ್ಲಿ ಬೆಲ್ಟ್ ಧರಿಸದೆ ಕುಳಿತಿದ್ದ ಇಬ್ಬರೂ ತೀರಿಕೊಂಡರು. ಮುಂದೆ ಕುಳಿತಿದ್ದ ಇಬ್ಬರು ಬದುಕುಳಿದರು. ಬೆಲೆಬಾಳುವ ಕಾರು, ಉತ್ತಮ ಹೆದ್ದಾರಿ ಯಾವುದೂ ಆ ಕ್ಷಣದಲ್ಲಿ ಒಂದು ಮೊಳ ಪಟ್ಟಿಯ ಕೆಲಸವನ್ನು ಮಾಡಲಿಲ್ಲ.

ಸರ್ಕಾರದ ಹೊಣೆ, ಬಡವರ ಬವಣೆ

ಇಷ್ಟು ಹೇಳಿದ ಮೇಲೆ, ಕಾನೂನನ್ನು ಟೀಕಿಸುವವರ ಮಾತಿನಲ್ಲಿರುವ ಸತ್ಯವನ್ನೂ ಒಪ್ಪಲೇಬೇಕು. ರಸ್ತೆಯ ಗುಂಡಿಗಳನ್ನು ಮುಚ್ಚದೆ, ಬಣ್ಣ ಬಳಿಯದ ಉಬ್ಬುಗಳನ್ನು ಸರಿಪಡಿಸದೆ, ತಿರುವಿನಲ್ಲಿ ದೀಪ ಹಾಕದೆ, ಸವಾರನಿಂದ ಮಾತ್ರ ದಂಡ ವಸೂಲು ಮಾಡುವ ಆಡಳಿತಕ್ಕೆ ನೈತಿಕ ಬಲ ಕಡಿಮೆಯಾಗುತ್ತದೆ. ಕಾನೂನಿನ ಮೇಲೆ ಜನರಿಗೆ ಗೌರವ ಹುಟ್ಟಬೇಕಾದರೆ ಕಾನೂನು ಮಾಡುವವರು ತಮ್ಮ ಪಾಲಿನ ಕೆಲಸವನ್ನು ಮೊದಲು ಮಾಡಬೇಕು.

ಬಡವರ ಪ್ರಶ್ನೆ ಇನ್ನೂ ಕಠಿಣವಾದುದು. ಕಾಯ್ದೆಯ 128ನೇ ಕಲಮಿನ ಪ್ರಕಾರ ದ್ವಿಚಕ್ರ ವಾಹನದಲ್ಲಿ ಸವಾರನ ಹೊರತು ಒಬ್ಬರಿಗೆ ಮಾತ್ರ ಅವಕಾಶ. ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಸಂಸಾರಕ್ಕೆ ಇರುವುದು ಒಂದೇ ವಾಹನವಾದರೆ, ಅವರು ಬೀಗರ ಮನೆಯ ಲಗ್ನಕ್ಕಾಗಲಿ, ಸುತ್ತೂರು, ಸಿದ್ಧಗಂಗೆ, ಉಳವಿಯ ಜಾತ್ರೆಗಳಿಗಾಗಲಿ ಹೇಗೆ ಹೋಗಬೇಕು? ಸ್ವಾತಂತ್ರ್ಯದ ಹೆಸರಿನಲ್ಲಿ ಅವರು ಅಪಾಯವನ್ನು ಆರಿಸಿಕೊಂಡದ್ದಲ್ಲ. ಬೇರೆ ದಾರಿ ಕಾಣದೆ ಅಪಾಯವನ್ನು ಏರಿದವರು. ಹಳ್ಳಿಗಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬರುವಂತೆ ಮಾಡುವುದು ನೂರು ದಂಡದ ಚೀಟಿಗಳಿಗಿಂತ ಹೆಚ್ಚು ಪ್ರಾಣಗಳನ್ನು ಉಳಿಸೀತು. ರಾಜ್ಯದಲ್ಲಿ 2023ರ ಜೂನ್‌ನಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣ ಆರಂಭವಾದ ಮೇಲೆ ತಾಯಿ ಮಕ್ಕಳು ಬಸ್ಸಿನಲ್ಲಿಯೂ ತಂದೆ ವಾಹನದಲ್ಲಿಯೂ ಹೋಗುವ ಅನುಕೂಲವಂತೂ ಬಸ್ಸಿರುವ ಊರುಗಳಲ್ಲಿ ದೊರೆತಿದೆ. ಅದನ್ನು ಬಳಸಿಕೊಳ್ಳುವುದು ಜಾಣತನ.

ಆದರೆ ಸರ್ಕಾರದ ತಪ್ಪನ್ನು ತೋರಿಸಿ ನಮ್ಮ ಹೊಣೆಯಿಂದ ಜಾರಿಕೊಳ್ಳಲಾಗದು. ರಸ್ತೆಯಲ್ಲಿ ಗುಂಡಿಯಿರುವುದು ಹೆಲ್ಮೆಟ್ ಬೇಡವೆನ್ನಲು ಕಾರಣವಲ್ಲ, ಹೆಚ್ಚು ಬೇಕೆನ್ನಲು ಕಾರಣ. ಇನ್ನು, ಬಿದ್ದವನ ಭಾರ ಅವನೊಬ್ಬನದೇ ಆಗಿಯೂ ಉಳಿಯುವುದಿಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದರ ವೆಚ್ಚ ಎಲ್ಲರದು. ಎಂಟನೆಯ ದಿನದಿಂದ ಮುಂದಿನ ವೆಚ್ಚವೋ, ಹೊಲ ಮಾರಿ, ಒಡವೆ ಅಡವಿಟ್ಟು ಮನೆಯವರೇ ಭರಿಸಬೇಕಾದುದು. ಮಿದುಳಿಗೆ ಪೆಟ್ಟಾಗಿ ವರ್ಷಗಟ್ಟಲೆ ಹಾಸಿಗೆ ಹಿಡಿದವನ ಆರೈಕೆ ಮಾಡುವ ಮಡದಿಯ ಸ್ವಾತಂತ್ರ್ಯ ಎಲ್ಲಿ ಹೋಯಿತು ಎಂದು ಕೇಳುವವರು ಯಾರೂ ಇಲ್ಲ. ಗೃಹಸ್ಥನ ತಲೆ ಅವನೊಬ್ಬನದೇ ಎಂಬ ಮಾತು ಇಲ್ಲಿಗೆ ನಿಂತುಹೋಗುತ್ತದೆ.

ಅರಿವು ಮತ್ತು ಆಚಾರ

ಹನ್ನೆರಡನೆಯ ಶತಮಾನದ ಶರಣರು ಹೊರಗಿನ ಬಲವಂತಕ್ಕೆ ತಲೆಬಾಗಿದವರಲ್ಲ. ಹುಟ್ಟಿನ ಕಟ್ಟಳೆ, ಪಂಚಾಂಗದ ಕಟ್ಟಳೆ, ಪುರೋಹಿತಶಾಹಿಯ ಕಟ್ಟಳೆಗಳನ್ನು ಅವರು ಮೀರಿದರು. ಆದುದರಿಂದ ನಮ್ಮದು ಸ್ವಾತಂತ್ರ್ಯದ ಪರಂಪರೆಯೆಂದು ಹೇಳಿಕೊಳ್ಳುವುದು ಸರಿಯೇ. ಆದರೆ ಆ ಕಟ್ಟಳೆಗಳನ್ನು ಮೀರಿದ ಶರಣರು ಪಂಚಾಚಾರಗಳ ಶಿಸ್ತನ್ನು ತಾವಾಗಿಯೇ ತಮ್ಮ ಮೇಲೆ ಹಾಕಿಕೊಂಡರು ಎಂಬುದನ್ನು ಮರೆಯುವಂತಿಲ್ಲ. ಅರಿವನ್ನು ಆಚಾರದಿಂದ ಅಗಲಿಸದಿರುವುದೇ ಶರಣಧರ್ಮದ ತಿರುಳು. ತಲೆಗೆ ಪೆಟ್ಟಾದರೆ ಸಾವೆಂಬ ಅರಿವು ಇಂದು ಯಾರಿಗಿಲ್ಲ? ಕೊರತೆಯಿರುವುದು ಆಚಾರದಲ್ಲಿ. ತನ್ನ ಮೈಯನ್ನು ಕಾಯ್ದುಕೊಳ್ಳುವುದು ಸದಾಚಾರವಾದರೆ, ತನ್ನನ್ನು ನಂಬಿದ ಗಣವನ್ನು ಕಾಯುವುದು ಗಣಾಚಾರ. ಮನೆಯ ಮಂದಿಗಿಂತ ಹತ್ತಿರದ ಗಣ ಯಾವುದಿದೆ?

ನಮ್ಮ ಹಲವು ಮನೆತನಗಳಲ್ಲಿ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಲಿಂಗಧಾರಣೆ ಮಾಡಿಸುವ ಸಂಪ್ರದಾಯವಿದೆ. ಕೂಸಿನ ಒಪ್ಪಿಗೆ ಕೇಳಿ ಯಾರೂ ಇದನ್ನು ಮಾಡುವುದಿಲ್ಲ. ಅದಕ್ಕೆ ಯಾವುದು ಶ್ರೇಯಸ್ಸೋ ಅದನ್ನು ಹೆತ್ತವರು ಅದರ ಪರವಾಗಿ ನಿಶ್ಚಯಿಸುತ್ತಾರೆ. ಬುದ್ಧಿ ಬಲಿತ ಮೇಲೆ ಅದೇ ಮಗು ದೀಕ್ಷೆ ಪಡೆದು ತನ್ನ ಹೊಣೆಯನ್ನು ತಾನೇ ಹೊರುತ್ತದೆ. ಮಗುವಿನ ಆತ್ಮದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು, ಆ ಲಿಂಗವನ್ನು ಧರಿಸಿದ ಮೈಯ ವಿಷಯದಲ್ಲಿ ಮಾತ್ರ ಉದಾಸೀನರಾಗುವುದು ಯಾವ ನ್ಯಾಯ? ದೇಹವನ್ನೇ ದೇಗುಲವೆಂದು ಕಂಡ ಪರಂಪರೆಯಲ್ಲಿ ಆ ದೇಗುಲದ ಕಳಸವನ್ನು ಕಾಯುವುದು ಪೂಜೆಗಿಂತ ಬೇರೆಯಲ್ಲ.

"ಹಣೆಯಲ್ಲಿ ಬರೆದದ್ದು ತಪ್ಪದು" ಎಂಬ ಮಾತು ಇಂಥ ಚರ್ಚೆಗಳಲ್ಲಿ ಕೊನೆಗೆ ಬರುವುದುಂಟು. ಹಾಗೆ ಹೇಳುವ ರೈತನೂ ಹೊಲಕ್ಕೆ ಬದು ಹಾಕದೆ ಇರುವುದಿಲ್ಲ; ಹಾಗೆ ಹೇಳುವ ವ್ಯಾಪಾರಿಯೂ ಅಂಗಡಿಗೆ ಬೀಗ ಹಾಕದೆ ಮಲಗುವುದಿಲ್ಲ. ಕಾಳಿಗೂ ಕಾಸಿಗೂ ಇಲ್ಲದ ಹಣೆಬರಹ ಮಗುವಿನ ತಲೆಗೆ ಮಾತ್ರ ಏಕೆ? ಶಿವಗಣಾರಾಧನೆಯ ಆಹ್ವಾನ ಪತ್ರಿಕೆಗಳಲ್ಲಿ ಇಪ್ಪತ್ತು ದಾಟದ ಮುಖಗಳನ್ನು ಕಂಡಾಗ, ಶಿವನಿಚ್ಛೆಯೆಂದು ನಿಟ್ಟುಸಿರು ಬಿಡುವುದರ ಜೊತೆಗೆ ನಮ್ಮ ಪಾಲಿನ ಕರ್ತವ್ಯವನ್ನೂ ನೆನೆಯಬೇಕು.

ಮನೆಯಲ್ಲಿ ಮಾಡಬೇಕಾದುದು

ಮೊದಲನೆಯದಾಗಿ, ಮನೆಯಲ್ಲಿ ಎಷ್ಟು ತಲೆಗಳು ವಾಹನ ಏರುತ್ತವೆಯೋ ಅಷ್ಟು ಹೆಲ್ಮೆಟ್ ಇರಲಿ. ಹೂವು ನಲುಗುತ್ತದೆ, ವಿಭೂತಿ ಅಳಿಸುತ್ತದೆ ಎಂಬ ಸಂಕೋಚ ಬೇಡ. ಹೂವನ್ನು ಇಳಿದ ಮೇಲೆ ಮುಡಿಯಬಹುದು. ವಿಭೂತಿಯನ್ನು ಮತ್ತೆ ಧರಿಸಬಹುದು. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದು ದೇಶದಲ್ಲಿ ನಿಷಿದ್ಧ. ರಸ್ತೆ ಬದಿಯಲ್ಲಿ ದೊರೆಯುವ ಟೊಪ್ಪಿಗೆಯಂಥ ಅರೆ ಹೆಲ್ಮೆಟ್ ಪೊಲೀಸರ ಕಣ್ಣಿಗೆ ಸಾಕಾದೀತು, ನೆಲದ ಪೆಟ್ಟಿಗೆ ಸಾಲದು. ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ ತಲೆ ನೆಲಕ್ಕೆ ಬೀಳುವ ಮೊದಲೇ ಹಾರಿಹೋಗುತ್ತದೆ. ಮಗುವಿಗೆ ಅದರ ತಲೆಯ ಅಳತೆಯದನ್ನೇ ಕೊಳ್ಳಬೇಕು. ದೊಡ್ಡವರದನ್ನು ತೊಡಿಸಿದರೆ ಪ್ರಯೋಜನವಿಲ್ಲ.

ಎರಡನೆಯದಾಗಿ, ಕಾರಿನಲ್ಲಿ ಮಕ್ಕಳ ಸ್ಥಳ ಹಿಂದಿನ ಆಸನ. ಎಳೆಯ ಮಗುವಿಗೆ ಸುರಕ್ಷಾ ಆಸನ, ದೊಡ್ಡ ಮಗುವಿಗೆ ಬೆಲ್ಟ್. ಎಲ್ಲರೂ ಬೆಲ್ಟ್ ಬಿಗಿದ ಮೇಲೆಯೇ ಗಾಡಿ ಹೊರಡಲಿ.

ಮೂರನೆಯದಾಗಿ, ಹತ್ತನೆಯ ತರಗತಿ ಪಾಸಾದ ಮಗನಿಗೆ ಪ್ರೀತಿಯ ಕುರುಹಾಗಿ ಮೋಟಾರ್ ಸೈಕಲ್ಲಿನ ಕೀಲಿ ಕೊಡುವ ರೂಢಿ ನಿಲ್ಲಲಿ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ, ಅದು ತಮಗೆ ತಿಳಿಯದೆ ನಡೆಯಿತೆಂದು ರುಜುವಾತು ಮಾಡದ ಹೊರತು, ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಉಂಟು. ಕಾನೂನಿನ ಭಯಕ್ಕಿಂತಲೂ ಮಗನ ಮುಖ ನಮ್ಮನ್ನು ತಡೆಯಬೇಕು.

ಕೊನೆಯದಾಗಿ, ಈ ಕಾರ್ಯದಲ್ಲಿ ಮಠಮಾನ್ಯಗಳೂ, ಅಕ್ಕನ ಬಳಗಗಳೂ, ನಮ್ಮ ವಿದ್ಯಾಸಂಸ್ಥೆಗಳೂ ಕೈಜೋಡಿಸಬಹುದು. ಬಸವ ಜಯಂತಿಯಂದು ಮಕ್ಕಳಿಗೆ ಹೆಲ್ಮೆಟ್ ವಿತರಿಸಬಹುದು. ಮದುವೆಯಲ್ಲಿ ವಧೂವರರಿಗೆ ಹತ್ತನೆಯ ಹಿತ್ತಾಳೆ ಕೊಡದ ಬದಲು ಎರಡು ಹೆಲ್ಮೆಟ್ ಉಡುಗೊರೆ ಕೊಟ್ಟರೆ ಅದು ಮಂಗಳಕರವೇ ಹೊರತು ಅಪಶಕುನವಲ್ಲ. ಶರಣಸಂಸ್ಕೃತಿ ಉತ್ಸವಗಳ ಪ್ರವಚನದಲ್ಲಿ ಐದು ನಿಮಿಷ ಈ ವಿಷಯಕ್ಕೆ ಮೀಸಲಿಟ್ಟರೆ, ಪೊಲೀಸರ ಮಾತಿಗೆ ಬಾಗದ ಹಿರಿಯರು ಪೂಜ್ಯರ ಮಾತಿಗೆ ಬಾಗಿಯಾರು.

ಕಾನೂನು ನಮ್ಮನ್ನು ಬಲವಂತ ಮಾಡಬಾರದೆಂಬುದು ನಮ್ಮ ಆಸೆಯಾದರೆ, ಅದಕ್ಕಿರುವ ದಾರಿ ಒಂದೇ: ಬಲವಂತಕ್ಕೆ ಕಾರಣವೇ ಉಳಿಯದಂತೆ ನಡೆದುಕೊಳ್ಳುವುದು. ತಾನಾಗಿ ಒಪ್ಪಿ ಆಚರಿಸಿದ ಶಿಸ್ತಿಗೆ ದಂಡದ ಹಂಗಿಲ್ಲ. ಅಂಥ ಸ್ವಾತಂತ್ರ್ಯ ನಮ್ಮ ಮನೆಗಳಲ್ಲಿ ನೆಲೆಗೊಳ್ಳಲಿ. ಶಾಲೆಗೆ, ಜಾತ್ರೆಗೆ, ಲಗ್ನಕ್ಕೆ ಹೊರಟ ಪ್ರತಿಯೊಂದು ಮಗುವೂ ಹೊರಟ ಹಾಗೆಯೇ ನಗುತ್ತ ಮನೆಗೆ ಮರಳಲಿ.